ತುರ್ಕೊ ಬಿಶಾರನ ಮನೆ ಗುಡ್ಡ ಹತ್ತಿದ್ದು

ಈಗ ಚಿಲಿಯ ದಕ್ಷಿಣದ ಈ ನಮ್ಮ ಪುಲ್ಮಾಯಿ ದ್ವೀಪದಲ್ಲಿ ಯಾರಾದರೂ ಜಾಗ ಬದಲಾಯಿಸಿದರೆ ಸಾಮಾನು ಕಟ್ಟಿ ಮೋಟಾರು ದೋಣಿಗೆ ಹೇರುತ್ತಾರೆ, ಹಳೆಯ ಮನೆಯನ್ನು ಮಳೆಗೆ ಬಿಟ್ಟು ಹೋಗುತ್ತಾರೆ. ಆಗ ಹಾಗಿರಲಿಲ್ಲ. ಮನುಷ್ಯ ಹೋದ ಕಡೆ ಅವನ ಮನೆಯೂ ಹೋಗುತ್ತಿತ್ತು. ಮರದ ಗೋಡೆ, ಮರದ ಹಲಗೆಯ ಸೂರು, ಕಿಟಕಿಯ ಪರದೆ ಸಮೇತ ಇಡೀ ಮನೆಗೆ ಹಗ್ಗ ಬಿಗಿದು, ಹತ್ತು ಹದಿನೈದು ಜೊತೆ ಎತ್ತು ಕಟ್ಟಿ, ಊರೆಲ್ಲ ಸೇರಿ ಎಳೆದು ಹೊಸ ಜಾಗದಲ್ಲಿ ಕೂರಿಸುತ್ತಿದ್ದರು. ಇದಕ್ಕೆ ಮಿಂಗಾ ಎನ್ನುತ್ತಿದ್ದರು. ಇಂದಿನ ಹುಡುಗರಿಗೆ ಹೇಳಿದರೆ ಅಜ್ಜಂದಿರು ಕುಡಿದು ಕಟ್ಟಿದ ಕಥೆ ಎಂದು ನಗುತ್ತಾರೆ. ನಗಲಿ. ನಾವು ಕಂಡದ್ದನ್ನು ಅವರು ಕಾಣಲಿಲ್ಲ, ಅದು ಅವರ ನಷ್ಟ.

ಹಾಗೆ ನಡೆದ ಮನೆಗಳಲ್ಲಿ ನಮ್ಮವರು ಇವತ್ತಿಗೂ ನೆನೆಯುವುದು ಬಿಶಾರನ ಮನೆಯನ್ನು. ಊರಿನವರು ಅವನನ್ನು ಕರೆಯುತ್ತಿದ್ದದ್ದು ತುರ್ಕೊ ಎಂದು. ಅವನು ತುರ್ಕಿಯವನಲ್ಲ. ಪ್ಯಾಲೆಸ್ಟೈನಿನ ಬೇತ್ ಜಾಲಾ ಎಂಬ ಊರಿನ ಕ್ರೈಸ್ತ. ಅವನಿಗಿಂತ ಮೊದಲು ಆ ಕಡೆಯಿಂದ ಚಿಲಿಗೆ ಹಡಗು ಹತ್ತಿ ಬಂದವರ ಕಾಗದದ ಮೇಲೆ ತುರ್ಕಿಯ ಸುಲ್ತಾನನ ಮೊಹರು ಇತ್ತಂತೆ, ಆ ಮೊಹರು ಹಿಂದೆ ಬಂದವರ ಹಣೆಗೂ ಅಂಟಿಕೊಂಡಿತು. ಬಿಶಾರ ಮೊದಲ ಹತ್ತು ವರ್ಷ ಕಂಡಕಂಡವರಿಗೆಲ್ಲ ತಾನು ತುರ್ಕನಲ್ಲವೆಂದು ವಿವರಿಸಿದ. ಜನ ತಾಳ್ಮೆಯಿಂದ ಕೇಳಿ, ತಲೆಯಾಡಿಸಿ, "ಸರಿ ತುರ್ಕೊ, ಈಗ ಅಂಗಿ ಗುಂಡಿ ತೋರ್ಸು" ಎನ್ನುತ್ತಿದ್ದರು. ಕೊನೆಗೆ ಅವನೇ ಸೋತ.

ಸಾವಿರದ ಒಂಬೈನೂರ ಇಪ್ಪತ್ತನಾಲ್ಕರಲ್ಲಿ ಹದಿನೇಳರ ವಯಸ್ಸಿಗೆ ಚಿಕ್ಕಪ್ಪನ ಹಿಂದೆ ಬಂದವನು ಅವನು. ಚಿಕ್ಕಪ್ಪ ಹೆಗಲ ಮೇಲೊಂದು ಗಂಟು, ಎದೆಗೊಂದು ಸಣ್ಣ ಖಾನೆಗಳ ಪೆಟ್ಟಿಗೆ ಕಟ್ಟಿಕೊಟ್ಟ. ಸೂಜಿ, ದಾರ, ಗುಂಡಿ, ಬಾಚಣಿಗೆ, ರಿಬ್ಬನ್ನು, ಕನ್ನಡಿ, ಸಂತರ ಚಿತ್ರ, ಹೂವಿನ ಚೀಟಿ ಬಟ್ಟೆ. ಕಲಿಸಿದ ಸ್ಪ್ಯಾನಿಷ್ ಮಾತು ಮೂರು: ಏನು ಬೇಕಮ್ಮ, ಒಳ್ಳೇ ಮಾಲು, ನಿಮಗೆಂದು ಕಡಿಮೆ. ಇನ್ನೊಂದು ಬುದ್ಧಿಮಾತನ್ನೂ ಹೇಳಿದ್ದ. ಯಾರ ಮನೆಯ ಹೊಸ್ತಿಲನ್ನೂ ದಾಟಬೇಡ. ಒಳಗೆ ಹೋಗಿ ಕೂತರೆ ನೀನು ನೆಂಟನಾಗುತ್ತೀಯ, ನೆಂಟ ಚೌಕಾಸಿ ಮಾಡಲಾರ. ಹೊರಗೇ ನಿಲ್ಲು, ಅಲ್ಲೇ ಗಂಟು ಬಿಚ್ಚು, ಅಲ್ಲೇ ಕಟ್ಟು.

ಚಿಕ್ಕಪ್ಪ ಎರಡೇ ವರ್ಷಕ್ಕೆ ಜ್ವರ ಬಂದು ತೀರಿಕೊಂಡ. ಅವನ ಮಾತು ಮಾತ್ರ ಬಿಶಾರನ ಕಾಲಿಗೆ ಕಟ್ಟಿಕೊಂಡಿತು. ಹಾಯಿದೋಣಿಯಲ್ಲಿ ಹಂದಿಮರಿ, ಆಲೂಗಡ್ಡೆ ಮೂಟೆಗಳ ನಡುವೆ ಕೂತು ಅವನು ದ್ವೀಪದಿಂದ ದ್ವೀಪಕ್ಕೆ ಹೋಗುತ್ತಿದ್ದ. ಗಾಳಿ ಎದ್ದರೆ ಯಾವುದೋ ದಂಡೆಯಲ್ಲಿ ಮೂರು ದಿನ ದೋಣಿಯ ಅಡಿಯಲ್ಲೇ ಮಲಗುತ್ತಿದ್ದ. ಕೊಡೆ ಹಿಡಿದರೆ ಕೊಡೆಯೇ ಹಾರಿಹೋಗುವ ನಮ್ಮ ಮಳೆಯಲ್ಲಿ ತಾನು ನೆನೆದು ಮಾಲನ್ನು ಒಣಗಿಸಿಟ್ಟುಕೊಳ್ಳುತ್ತಿದ್ದ. ಹೆಂಗಸರು ಬಾಗಿಲಲ್ಲಿ ನಿಂತು, "ಒಳಗೆ ಬಾ ತುರ್ಕೊ, ಒಲೆ ಉರೀತಿದೆ" ಎಂದರೆ ಎದೆಯ ಮೇಲೆ ಕೈಯಿಟ್ಟು ನಕ್ಕು ಅಲ್ಲೇ ನಿಲ್ಲುತ್ತಿದ್ದ. ಮೊದಮೊದಲು ಜನ ಇದನ್ನು ಜಂಬ ಎಂದುಕೊಂಡರು. ಆಮೇಲೆ ಅವನ ಧರ್ಮವೇ ಹಾಗಿರಬೇಕು ಎಂದುಕೊಂಡರು. ಕೊನೆಗೆ ಕರೆಯುವುದನ್ನೇ ಬಿಟ್ಟರು. ರಾತ್ರಿ ಮಲಗುವಾಗ ಅವನಿಗೆ ಬೇತ್ ಜಾಲಾದ ಅಪ್ಪನ ಕಲ್ಲಿನ ಮನೆ, ಅಂಗಳದ ಆಲಿವ್ ಮರ, ತಾಯಿ ಒಲೆಯಿಂದ ತೆಗೆಯುತ್ತಿದ್ದ ರೊಟ್ಟಿ ನೆನಪಾಗುತ್ತಿದ್ದವು. ಅಳು ಬರುತ್ತಿತ್ತು, ಅಳುತ್ತಿದ್ದ. ಅದನ್ನು ಅವನೇ ಮುಂದೆ ಎತೆಲ್ವಿನಾಳಿಗೆ ಹೇಳಿದ್ದ.

ಎತೆಲ್ವಿನಾ ನಮ್ಮ ದ್ವೀಪದ ಹುಡುಗಿ, ಲೆವಿಕೊಯ್ ಮನೆತನದವಳು. ಅವಳ ಮನೆ ಬಾಗಿಲಲ್ಲಿ ಅವನು ಒಂದೇ ಬೇಸಿಗೆಯಲ್ಲಿ ಹನ್ನೊಂದು ಸಲ ಗಂಟು ಬಿಚ್ಚಿದ. ಹನ್ನೆರಡನೆಯ ಸಲ ಅವಳ ಅಪ್ಪ ಹೊರಗೆ ಬಂದು, ನಮ್ಮ ಮನೆಯಲ್ಲಿ ಎರಡು ಜನ್ಮಕ್ಕಾಗುವಷ್ಟು ದಾರ ಸೇರಿದೆ, ನಿನಗೆ ಬೇಕಾದ್ದೇನು ಬಾಯಿಬಿಟ್ಟು ಹೇಳು ಎಂದ. ಬಿಶಾರ ಗಂಟಿನಿಂದ ಇನ್ನೊಂದು ದಾರದುಂಡೆ ತೆಗೆದ. ಎತೆಲ್ವಿನಾಳೇ ಅಪ್ಪನ ಬೆನ್ನ ಹಿಂದಿನಿಂದ ಅವನ ಪರವಾಗಿ ಹೇಳಿದಳು. ಮದುವೆಯಾಯಿತು. ದಂಡೆಯ ಹತ್ತಿರ ಮನೆ ಕಟ್ಟಿದರು. ಮಕ್ಕಳಾಗಲಿಲ್ಲ, ಆದರೆ ಆ ಮನೆಯಲ್ಲಿ ನಗೆ ಸಾಕಷ್ಟಿತ್ತು. ಅವನು ವರ್ಷದಲ್ಲಿ ಎಂಟು ತಿಂಗಳು ನೀರಿನ ಮೇಲಿರುತ್ತಿದ್ದ, ನಾಲ್ಕು ತಿಂಗಳು ಅವಳ ಕೈಯಡುಗೆ ತಿಂದು ದಪ್ಪಗಾಗುತ್ತಿದ್ದ. ಐವತ್ತಕ್ಕೆ ಬಂದಾಗ ಮಂಡಿ ನೋವೆಂದು ಅಲೆದಾಟ ಬಿಟ್ಟು, ಮುಂದಿನ ಕೋಣೆಯಲ್ಲೇ ಅಂಗಡಿ ಇಟ್ಟ. ಇನ್ನಾದರೂ ಇಬ್ಬರೂ ಒಟ್ಟಿಗೆ ಇರಬಹುದು ಎಂದುಕೊಂಡರು. ಅದೇ ಚಳಿಗಾಲ ಅವಳು ಎದೆಯ ಕಾಯಿಲೆಯಿಂದ ಸತ್ತಳು.

ಮೂರು ವರ್ಷದ ಮೇಲೆ, ಸಾವಿರದ ಒಂಬೈನೂರ ಅರುವತ್ತರ ಮೇ ತಿಂಗಳಲ್ಲಿ, ಆ ದೊಡ್ಡ ಭೂಕಂಪ ಆಯಿತು. ಸಮುದ್ರ ಎದ್ದು ಬಂದದ್ದು, ದೋಣಿಗಳು ಹೋದದ್ದು, ಜನ ಹೋದದ್ದು ಎಲ್ಲವೂ ನಮಗೆ ಗೊತ್ತಿರುವುದೇ, ಮತ್ತೆ ಹೇಳಿ ಯಾರ ಗಾಯವನ್ನೂ ಕೆದಕುವುದಿಲ್ಲ. ಬಿಶಾರನ ಮನೆ ಉಳಿಯಿತು, ಆದರೆ ದಂಡೆಯೇ ಒಂದಾಳು ಎತ್ತರ ಕುಸಿದಿತ್ತು. ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಉಬ್ಬರದ ನೀರು ಅಂಗಡಿಯ ಹಲಗೆಯನ್ನು ಮುಟ್ಟತೊಡಗಿತು. ಮಾರ್ಚಿನ ದೊಡ್ಡ ಉಬ್ಬರ ಬಂದರೆ ಮನೆ ನೀರಿನ ಪಾಲು ಎಂದು ಕಣ್ಣಿದ್ದವರಿಗೆಲ್ಲ ಕಾಣುತ್ತಿತ್ತು. ರಾಜಧಾನಿ ಸಾಂತಿಯಾಗೊದಲ್ಲಿ ಬಟ್ಟೆಯ ಗಿರಣಿ ಇಟ್ಟುಕೊಂಡಿದ್ದ ಅವನ ದೊಡ್ಡಪ್ಪನ ಮಗ ಕಾಗದ ಬರೆದ: ಆ ಕೆಸರಿನಲ್ಲಿ ನಿನಗಿನ್ನು ಯಾರಿದ್ದಾರೆ, ಹೊರಟು ಬಾ, ಇಲ್ಲಿ ನಮ್ಮವರಿದ್ದಾರೆ, ನಮ್ಮ ಅಡುಗೆಯಿದೆ.

ಬಿಶಾರ ಆ ಕಾಗದವನ್ನು ಎಷ್ಟು ಸಲ ಓದಿದನೋ, ಮಡಿಕೆಯಲ್ಲೇ ಹರಿಯಿತು. ಹೋಗಲು ಮನಸ್ಸಿರಲಿಲ್ಲ. ಆ ಮನೆಯ ಪರದೆ ಎತೆಲ್ವಿನಾ ಹೊಲಿದದ್ದು, ಒಲೆಯ ಪಕ್ಕದ ಗೋಡೆ ಅವಳು ಒರಗಿ ಒರಗಿ ನುಣುಪಾದದ್ದು. ಗುಡ್ಡದ ಮೇಲೆ ಮಾವ ಕೊಟ್ಟ ತುಂಡು ಜಾಗ ಖಾಲಿ ಇತ್ತು. ಮನೆಯನ್ನು ಅಲ್ಲಿಗೆ ಎಳೆಸಿದರೆ ಅವನು ಉಳಿಯುತ್ತಾನೆ, ಇಲ್ಲದಿದ್ದರೆ ಮಾರ್ಚಿನಲ್ಲಿ ಗಂಟು ಕಟ್ಟುತ್ತಾನೆ. ಮೂವತ್ತೇಳು ವರ್ಷ ಬದುಕಿದ ಊರು ಅವನದ್ದಾಗುವುದೋ ಬಿಡುವುದೋ ಎಂಬುದು ಎತ್ತುಗಳ ಕೊರಳಿಗೆ ಬಂದು ನಿಂತಿತ್ತು.

ಜನವರಿಯಲ್ಲಿ ಅವನು ಮನೆಮನೆಗೆ ಹೊರಟ. ಅಭ್ಯಾಸಬಲ, ಹಳೆಯ ಗಂಟು ಪೆಟ್ಟಿಗೆ ಹೊತ್ತೇ ಹೋಗಿ ಎಲ್ಲರ ಬಾಗಿಲಲ್ಲೂ ಹೊರಗೇ ನಿಂತ. ಫೆಬ್ರವರಿ ಮೊದಲ ಶನಿವಾರ ಮನೆ ಎಳೆಸುತ್ತೇನೆ, ಒಂದು ಜೊತೆ ಎತ್ತಿಗೆ ಇಷ್ಟು ಪೆಸೊ, ಆಳಿಗೆ ಇಷ್ಟು ಎಂದ. ಬೆಲೆ ಧಾರಾಳವಾಗಿಯೇ ಇತ್ತು. ಜನ ಮುಖ ಮುಖ ನೋಡಿಕೊಂಡು, "ನೋಡೋಣ ದೊನ್ ಬಿಶಾರ" ಎಂದರು. ನಮ್ಮಲ್ಲಿ ತುರ್ಕೊ ಎಂದವರು ಇದ್ದಕ್ಕಿದ್ದಂತೆ ಮರ್ಯಾದೆಯ ದೊನ್ ಸೇರಿಸಿದರೆ ಏನೋ ಕೆಟ್ಟಿದೆ ಎಂದೇ ಅರ್ಥ. ಅವನಿಗೆ ಅದು ಹೊಳೆಯಲಿಲ್ಲ. ಒನೋಫ್ರೆ ಬಾರ್ರಿಯಾನ ಬಾಗಿಲಲ್ಲಂತೂ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಒನೋಫ್ರೆ ದ್ವೀಪದಲ್ಲೇ ಒಳ್ಳೆಯ ಎತ್ತು ಸಾಕಿದವನು, ಎಲ್ಲ ಮಿಂಗಾಗಳಲ್ಲೂ ಮುಂದಿನ ನೊಗ ಅವನದ್ದು, ಕೂಗು ಅವನದ್ದು. ಅವನಿಗೆ ಬಿಶಾರ, ನಿನ್ನ ಎತ್ತು ದೊಡ್ಡವು, ನಿನಗೆ ಒಂದೂವರೆ ಪಾಲು ಎಂದ. ಒನೋಫ್ರೆಯ ಮುಖ ಗಂಟಿಕ್ಕಿತು. ಬಾಗಿಲು ಮುಚ್ಚಿದ.

ಆ ಶನಿವಾರ ಬೆಳಿಗ್ಗೆ ಬಿಶಾರ ಒಳ್ಳೆಯ ಅಂಗಿ ತೊಟ್ಟು ಅಂಗಳದಲ್ಲಿ ಕಾದ. ಬಡಗಿಯಿಂದ ಮಾಡಿಸಿದ ಉದ್ದನೆಯ ದಿಮ್ಮಿಗಳು ಮನೆಯಡಿಗೆ ಜಾರಿಸಲು ತಯಾರಾಗಿ ಬಿದ್ದಿದ್ದವು. ಬಿಸಿಲು ಏರಿತು. ಗುಡ್ಡದ ಮೇಲೆ ಮನೆಗಳ ಹೊಗೆ ಕಾಣುತ್ತಿತ್ತು, ನಾಯಿ ಬೊಗಳುವುದು ಕೇಳುತ್ತಿತ್ತು. ಒಂದು ಎತ್ತಿನ ಗಂಟೆಯೂ ಕೇಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಬಂದವಳು ದೊನ್ಯಾ ಸುನಿಲ್ದಾ ಒಬ್ಬಳೇ. ಅವಳು ಎತೆಲ್ವಿನಾಳ ಸೋದರತ್ತೆ, ಎಂಬತ್ತು ದಾಟಿದವಳು, ನಾಲಿಗೆಗೆ ವಯಸ್ಸಾಗಿರಲಿಲ್ಲ.

"ಎಷ್ಟು ಜೊತೆ ಬಂದ್ವು?" ಎಂದಳು.

"ಒಂದೂ ಇಲ್ಲ ಅತ್ತೆ. ದುಡ್ಡು ಸಾಲ್ದಾಯ್ತೋ ಏನೋ."

"ದುಡ್ಡು ಅಂದಿದ್ದಕ್ಕೇ ಬಂದಿಲ್ಲ." ಅವಳು ದಿಮ್ಮಿಯ ಮೇಲೆ ಕೂತು ಕೋಲನ್ನು ಮಂಡಿಯ ಮೇಲಿಟ್ಟುಕೊಂಡಳು. "ಅವರೇನು ನಿನ್ ಹತ್ರ ಕೂಲಿಗಿದಾರಾ? ನೀನು ದೋಣಿ ಹತ್ಕೊಂಡು ತಿಂಗಳುಗಟ್ಟಲೆ ಹೋಗ್ತಿದ್ದೆಯಲ್ಲ, ಆಗ ಇಲ್ಲಿ ಎಲ್ಲರ ಹೊಲದಲ್ಲೂ ಆಲೂಗಡ್ಡೆ ಅಗೀತಿದ್ದೋಳು ಯಾರು? ಬೇಲಿ ಕಟ್ಟೋಕೆ, ಸೇಬು ಹಿಂಡೋಕೆ, ಮನೆ ಎಳೆಯೋಕೆ ಹೋಗ್ತಿದ್ದೋಳು ಯಾರು? ನಿನ್ನ ಮನೆ ಪರವಾಗಿ ಎತೆಲ್ವಿನಾ ಹೋಗ್ತಿದ್ಲು. ನಿನ್ಗೆ ಹೇಳಿರ್ಲಿಲ್ವಾ?"

ಅವಳು ಹೇಳಿರಲಿಲ್ಲ. ಅಥವಾ ಹೇಳಿದ್ದಳೇನೋ, ಅವನು ಅದನ್ನು ಹೆಂಗಸರ ಮಾತುಕತೆಯೆಂದು ಕೇಳಿಸಿಕೊಂಡಿರಲಿಲ್ಲ. ಅವಳ ಅಂಗೈ ಯಾಕಷ್ಟು ಒರಟು ಎಂದು ಅವನು ಒಮ್ಮೆಯೂ ಯೋಚಿಸಿರಲಿಲ್ಲ. ಅಂಗಳದಲ್ಲಿ ನಿಂತಿದ್ದವನಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು.

"ಅವಳು ಹೋದ್ಮೇಲೆ ಈ ಮನೆಯಿಂದ ಯಾರೂ ಯಾರ ಹೊಲಕ್ಕೂ ಬರ್ಲಿಲ್ಲ," ಎಂದಳು ಸುನಿಲ್ದಾ. "ಹಂಗಂತ ಒಬ್ರಾದ್ರೂ ನಿನ್ಗೆ ಒಂದು ಮಾತಂದ್ರಾ? ಹೋಗು, ಒಳಗೆ ಹೋಗಿ ಕೂತ್ಕೊ, ಕೊಟ್ಟಿದ್ದು ತಿನ್ನು, ಆಮೇಲೆ ಬೇಡ್ಕೊ. ನಮ್ಮಲ್ಲಿ ಎಲ್ರೂ ಬೇಡ್ಕೋತಾರೆ."

"ಬೇಡೋಕೆ ನನ್ಗೆ ಬರಲ್ಲ ಅತ್ತೆ. ಮಾರೋಕೆ ಮಾತ್ರ ಬರೋದು."

"ಹಂಗಾದ್ರೆ ಗಿರಣಿಗೆ ಹೋಗಿ ಬಟ್ಟೆ ಮಾರು," ಎಂದು ಅವಳು ಎದ್ದು ಹೋದಳು.

ಎರಡು ದಿನ ಅವನು ಅಂಗಡಿ ತೆರೆಯಲಿಲ್ಲ. ಮೂರನೆಯ ದಿನ ಬರಿಗೈಯಲ್ಲಿ ಹೊರಟ. ಜೀವಮಾನದಲ್ಲಿ ಮೊದಲ ಸಲ ಹೆಗಲ ಮೇಲೆ ಗಂಟಿಲ್ಲದೆ, ಎದೆಗೆ ಪೆಟ್ಟಿಗೆಯಿಲ್ಲದೆ ಒಬ್ಬರ ಮನೆ ಮುಂದೆ ನಿಂತಾಗ ಕೈ ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಅದು ಮೀನುಗಾರ ರೆಮೊಲ್ಕೊಯ್‌ನ ಮನೆ. ಹೆಂಡತಿ ಬಾಗಿಲು ತೆರೆದು ಇನ್ನೇನು ಕೇಳಬೇಕು, ಅಷ್ಟರಲ್ಲಿ ಅವನು, "ಒಳಗೆ ಬರ್ಲಾ?" ಎಂದ. ಆ ಹೆಂಗಸು ಗಾಬರಿಯಾಗಿ ಕುರ್ಚಿ ಒರೆಸಲು ಓಡಿದಳು. ತುರ್ಕೊ ಅಡುಗೆಮನೆಯೊಳಗೆ ಕೂತಿದ್ದಾನೆ ಎಂಬ ಸುದ್ದಿ ಅವನಿಗಿಂತ ಮೊದಲೇ ಮುಂದಿನ ಮನೆ ತಲುಪಿತ್ತು.

ದಂಡೆಯಿಂದ ಗುಡ್ಡದವರೆಗೆ ಇಪ್ಪತ್ತಮೂರು ಮನೆ. ದಿನಕ್ಕೆ ಮೂರು ನಾಲ್ಕಕ್ಕಿಂತ ಹೆಚ್ಚು ಮುಗಿಯುತ್ತಿರಲಿಲ್ಲ, ಯಾಕೆಂದರೆ ಎಲ್ಲಿಯೂ ಅವಸರಪಡುವಂತಿರಲಿಲ್ಲ. ಮೊದಲು ಮಾಟೆ ಎಲೆಯ ಕಹಿ ಕಷಾಯ, ಒಂದೇ ಸೋರೆಬುರುಡೆ, ಹೀರಲು ಒಂದೇ ಕೊಳವೆ, ಸುತ್ತು ಹೊಡೆಯುತ್ತಿತ್ತು. ಆಮೇಲೆ ತುರಿದ ಆಲೂಗಡ್ಡೆಯ ಮಿಲ್ಕಾವೊ ರೊಟ್ಟಿ, ಒಳಗೆ ಹಂದಿ ಕೊಬ್ಬಿನ ಕರಿದ ಚೂರು. ಹವೆ, ದನ, ಮೊಣಕಾಲು ನೋವು, ಯಾರ ಮಗಳು ಯಾರೊಂದಿಗೆ ಎಂಬ ಮಾತು. ಎಲ್ಲ ಮುಗಿದ ಮೇಲೆ ಕೇಳಬೇಕಾದ್ದು. ಮೊದಲ ಮನೆಗಳಲ್ಲಿ ಅವನು ಹೊರಡಲು ಎದ್ದು ನಿಂತ ಮೇಲೆಯೇ ಕೇಳಿದ.

ಆದರೆ ಅವನ ಎದೆ ಹಿಂಡಿದ್ದು ಬೇಡಿಕೆಯಲ್ಲ. ಆ ಅಡುಗೆಮನೆಗಳ ಗೋಡೆ. ಹೊರಗೆ ನಿಂತು ಮಾರಿದ ಸಾಮಾನು ಒಳಗೆ ಹೋಗಿ ಏನಾಯಿತೆಂದು ಅವನು ಎಂದೂ ಕಂಡಿರಲಿಲ್ಲ. ಈಗ ಒಂದೊಂದಾಗಿ ಕಂಡವು. ಮೂವತ್ತನೆಯ ಇಸವಿಯಲ್ಲಿ ಮಾರಿದ ಹಳದಿ ರಿಬ್ಬನ್ನು ಒಂದು ಮನೆಯಲ್ಲಿ ಸಂತನ ಚಿತ್ರಕ್ಕೆ ಹಾರವಾಗಿತ್ತು, ಅದನ್ನು ತಲೆಗೆ ಕಟ್ಟಿಕೊಂಡಿದ್ದ ಹುಡುಗಿ ಆರು ವರ್ಷಕ್ಕೇ ಸತ್ತಿದ್ದಳು. ಇನ್ನೊಂದು ಮನೆಯಲ್ಲಿ ಅವನು ಕೊಟ್ಟ ಚೀಟಿ ಬಟ್ಟೆ ಮೊದಲು ಮದುವೆಯ ಲಂಗ, ಆಮೇಲೆ ತೊಟ್ಟಿಲ ಹೊದಿಕೆ, ಈಗ ಒಲೆಯಿಂದ ಪಾತ್ರೆ ಇಳಿಸುವ ಮಸಿಬಟ್ಟೆ. ನೀಲಿ ಲೋಟ, ಹಲ್ಲು ಮುರಿದ ಬಾಚಣಿಗೆ, ಯಾರದೋ ಅಪ್ಪನ ಕೋಟಿನಿಂದ ಮಗನ ಕೋಟಿಗೆ ಬಂದ ನಾಲ್ಕು ಕಂಚಿನ ಗುಂಡಿ. ತನ್ನ ಅಲೆದಾಟದ ವರ್ಷಗಳೆಲ್ಲ ಗಾಳಿಗೆ ಹೋಗಿವೆ ಎಂದುಕೊಂಡಿದ್ದವನಿಗೆ ಅವೆಲ್ಲ ಇಲ್ಲಿ ಹೊಗೆ ಹಿಡಿದು ಕೂತಿದ್ದು ಕಂಡಿತು. ಪ್ರತಿ ಮನೆಯಲ್ಲೂ ಎತೆಲ್ವಿನಾ ಕೂರುತ್ತಿದ್ದ ಜಾಗವನ್ನು ತೋರಿಸಿದರು. ಒಬ್ಬಳು ಅವಳಂತೆ ನಕ್ಕು ತೋರಿಸಿದಳು. ಅವನು ತಲೆ ತಗ್ಗಿಸಿ ಮಾಟೆ ಹೀರಿದ, ಕಣ್ಣೀರು ಬುರುಡೆಗೇ ಬಿತ್ತು.

ಒನೋಫ್ರೆಯ ಮನೆಯನ್ನು ಕೊನೆಗಿಟ್ಟುಕೊಂಡಿದ್ದ, ಹೆದರಿಕೆಯಿಂದ. ಒನೋಫ್ರೆ ಎದ್ದು ನಿಲ್ಲಲಿಲ್ಲ, ಕುರ್ಚಿಯನ್ನು ಕಾಲಿನಿಂದ ತಳ್ಳಿಕೊಟ್ಟ. ಅವನ ಹೆಂಡತಿ ಕ್ಲೋರಿಂದಾ ಮಾತ್ರ ಮಾಟೆ ಕೊಟ್ಟಳು. ಗೋಡೆಯ ಮೇಲೆ ಅಂಗೈಯಗಲದ ಮೊಟ್ಟೆಯಾಕಾರದ ಕನ್ನಡಿಯಿತ್ತು, ಅಂಚಿನಲ್ಲಿ ಪಾದರಸ ಎದ್ದು ಹೋಗಿತ್ತು. ಬಿಶಾರ ಅದನ್ನೇ ನೋಡುತ್ತಿದ್ದ.

"ನಮ್ಮವ್ವ ನಿಮ್ಹತ್ರ ತಗೊಂಡಿದ್ದು," ಎಂದ ಒನೋಫ್ರೆ ಕೊನೆಗೆ. "ನನ್ಗೆ ಮೀಸೆ ಬಂದಿದೆ ಅಂತ ನಾನು ನೋಡ್ಕೊಂಡಿದ್ದು ಅದ್ರಲ್ಲೇ."

"ಕೋಳಿ ಕೊಟ್ಟು ತಗೊಂಡ್ರು. ಎರಡು ಕೋಳಿ."

"ಒಂದು ಮುದಿ ಕೋಳಿ. ಅವ್ವ ಸಾಯೋವರ್ಗೂ ನಗ್ತಿದ್ಲು, ತುರ್ಕೊನ್ನ ಯಾಮಾರಿಸ್ದೆ ಅಂತ."

ಕ್ಲೋರಿಂದಾ ನಕ್ಕಳು. ಬಿಶಾರನೂ ನಕ್ಕ, ಆ ಕೋಳಿ ಮೂರು ಗಂಟೆ ಬೆಂದರೂ ಬೇಯಲಿಲ್ಲ ಎಂದು ಒಪ್ಪಿಕೊಂಡ. ಆಮೇಲೆ ಬುರುಡೆಯನ್ನು ಕೆಳಗಿಟ್ಟು, ಫೆಬ್ರವರಿ ಕೊನೆಯ ಶನಿವಾರ ಮನೆ ಎಳೆಯಬೇಕಾಗಿದೆ, ನಿಮ್ಮನ್ನು ಬೇಡಿಕೊಳ್ಳಲು ಬಂದಿದ್ದೇನೆ ಎಂದ.

"ಎಷ್ಟು ಕೊಡ್ತೀರಿ?" ಒನೋಫ್ರೆಯ ದನಿಯಲ್ಲಿ ಹಳೆಯ ಉರಿ ಇನ್ನೂ ಇತ್ತು.

ಬಿಶಾರ ಎರಡೂ ಕೈ ಬಿಚ್ಚಿ ತೋರಿಸಿದ. "ಏನೂ ಕೊಡಲ್ಲ. ಊಟ ಹಾಕ್ತೀನಿ."

"ಹಂಗಾದ್ರೆ ಬರ್ತೀನಿ," ಎಂದ ಒನೋಫ್ರೆ.

ಬಂದವು ಹದಿನಾರು ಜೊತೆ ಎತ್ತು. ಅಂಥ ಮಿಂಗಾ ಮತ್ತೆ ನಾವು ನೋಡಲಿಲ್ಲ. ಗಂಡಸರು ಒಳಗೆ ಅಡ್ಡಮರ ಕೊಟ್ಟು ಗೋಡೆಗಳನ್ನು ಬಿಗಿದರು, ಒಲೆಯ ಹೊಗೆಗೊಳವೆ ಕಳಚಿದರು, ದಿಮ್ಮಿಗಳ ಮೇಲೆ ಮನೆಯನ್ನು ಕೂರಿಸಿದರು. ಹೆಂಗಸರು ಗುಡ್ಡದ ಮೇಲೆ ಗುಂಡಿ ತೋಡಿ ಕಾದ ಕಲ್ಲುಗಳ ಮೇಲೆ ಚಿಪ್ಪುಮೀನು, ಮಾಂಸ, ಆಲೂಗಡ್ಡೆ ಒಟ್ಟಿ ಅಗಲವಾದ ಎಲೆ ಮುಚ್ಚಿದರು. ಒನೋಫ್ರೆ ಮುಂದೆ ನಿಂತು ಕೂಗು ಹಾಕಿದ. ಮನೆ ಒಂದು ಸಲ ನರಳಿತು, ಆಮೇಲೆ ಹೊರಟಿತು.

ಬಿಶಾರ ಬದಿಯಲ್ಲಿ ಟೋಪಿ ಕೈಯಲ್ಲಿ ಹಿಡಿದು ನಡೆಯುತ್ತಿದ್ದ. ಕಿಟಕಿಯಲ್ಲಿ ಎತೆಲ್ವಿನಾಳ ಪರದೆ ಅಲುಗುತ್ತಿತ್ತು, ಒಳಗೆ ಯಾರೋ ನಿಂತು ಊರು ನೋಡುತ್ತಿರುವಂತೆ. ಅವನಿಗೆ ಬೇತ್ ಜಾಲಾದ ಮನೆಯೂ ನೆನಪಾಯಿತು. ಅದು ಕಲ್ಲಿನದ್ದು, ಎಷ್ಟು ಜನ ಎಳೆದರೂ ಬರುವಂಥದ್ದಲ್ಲ. ಅದನ್ನು ಬಿಟ್ಟು ಬಂದವನು ತಾನು, ತನ್ನನ್ನು ಬಿಡದೆ ಬರುತ್ತಿರುವುದು ಈ ಮರದ ಮನೆ. ಎರಡನ್ನೂ ಒಂದೇ ಹೊತ್ತಿನಲ್ಲಿ ನೆನೆದು ಅವನಿಗೆ ಸುಖವೋ ಸಂಕಟವೋ ತಿಳಿಯದಾಯಿತು.

ಹಳ್ಳದ ಹತ್ತಿರ ಮುಂದಿನ ದಿಮ್ಮಿ ಕೆಸರಿಗೆ ಹೂತಿತು. ಎತ್ತುಗಳು ಮಂಡಿಯೂರಿದವು. ಮನೆ ಒಂದು ಮಗ್ಗುಲಿಗೆ ವಾಲಿತು. ಒನೋಫ್ರೆ ಎರಡು ಜೊತೆಯನ್ನು ಹಿಂದಿನಿಂದ ಬಿಚ್ಚಿ ಮುಂದೆ ಕಟ್ಟಿಸಿದ, ಹೆಂಗಸರೂ ಬಂದು ಹಗ್ಗಕ್ಕೆ ಕೈ ಹಾಕಿದರು. ಸುನಿಲ್ದಾ ಕೋಲಿನಿಂದ ಬಿಶಾರನ ಬೆನ್ನಿಗೆ ತಿವಿದು, "ಏನು ಸಿನಿಮಾ ನೋಡ್ತಿದ್ಯಾ, ಹಿಡಿ" ಎಂದಳು. ಅವನು ಒಳ್ಳೆಯ ಅಂಗಿಯಲ್ಲೇ ಕೆಸರಿಗಿಳಿದು ಹಗ್ಗ ಹಿಡಿದ. ಹಿಂದೆ ರೆಮೊಲ್ಕೊಯ್, ಮುಂದೆ ಕ್ಲೋರಿಂದಾ. ಮೂರನೆಯ ಕೂಗಿಗೆ ಮನೆ ಕೆಸರು ಬಿಟ್ಟು ಮೇಲೆದ್ದಿತು. ಇಳಿಬಿಸಿಲಿನ ಹೊತ್ತಿಗೆ ಗುಡ್ಡದ ಮೇಲೆ ಕೂತಿತ್ತು. ಊಟವಾಯಿತು, ಸೇಬಿನ ಮದ್ಯವಾಯಿತು, ಅಕಾರ್ಡಿಯನ್ ನುಡಿಸಿ ಕುಣಿದದ್ದೂ ಆಯಿತು. ಮಾರ್ಚಿನ ಉಬ್ಬರ ಬಂದಾಗ ಹಳೆಯ ಜಾಗದಲ್ಲಿ ಬರೀ ನೀರಿತ್ತು.

ಏಪ್ರಿಲಿನಲ್ಲಿ, ಮಳೆ ಹಿಡಿಯುವ ಮೊದಲು, ಒಂದು ಮಧ್ಯಾಹ್ನ ಒನೋಫ್ರೆ ಅಂಗಡಿಗೆ ಬಂದ. ಬಿಶಾರ ಗಲ್ಲಾದ ಹಿಂದಿನಿಂದ ಎದ್ದು ಏನು ಬೇಕೆಂದು ಕೇಳಿದ. ಏನೂ ಬೇಡ ಎಂದು ಒನೋಫ್ರೆ ನೇರ ಒಲೆಯ ಹತ್ತಿರ ಹೋಗಿ ಕೂತ. ಬಿಶಾರ ನೀರು ಕಾಯಿಸಿದ. ಮಾಟೆ ಮೂರು ಸುತ್ತು ಹೋಯಿತು. ಗಾಳಿಯ ವಿಷಯ, ಕುಂಟುತ್ತಿರುವ ಎತ್ತಿನ ವಿಷಯ, ಕ್ಲೋರಿಂದಾಳ ಹಲ್ಲುನೋವಿನ ವಿಷಯ ಬಂದು ಹೋದವು. ಆಮೇಲೆ ಒನೋಫ್ರೆ ಟೋಪಿಯನ್ನು ತೆಗೆದು ಮಂಡಿಯ ಮೇಲಿಟ್ಟುಕೊಂಡ.

"ಗುರುವಾರ ಆಲೂಗಡ್ಡೆ ಅಗೆಯೋದಿದೆ," ಎಂದ. "ನಿಮ್ಮನ್ನ ಬೇಡ್ಕೊಳ್ಳೋಕೆ ಬಂದೆ."

ಮೂವತ್ತೇಳು ವರ್ಷದಲ್ಲಿ ಆ ಜನ ಅವನಿಂದ ಕೊಂಡಿದ್ದರು, ಅವನೊಂದಿಗೆ ಜಗಳವಾಡಿದ್ದರು, ಅವನ ಹೆಂಡತಿಯನ್ನು ಮಣ್ಣು ಮಾಡುವಾಗ ಜೊತೆಗೆ ನಿಂತಿದ್ದರು. ಬೇಡಿರಲಿಲ್ಲ. ಬಿಶಾರ ಬುರುಡೆಗೆ ಮತ್ತೊಮ್ಮೆ ನೀರು ಹುಯ್ದ. ತನಗೆ ಅಗೆಯಲು ಬಾರದು ಎಂದ. ಅದು ಊರಿಗೇ ಗೊತ್ತು ಎಂದ ಒನೋಫ್ರೆ.

ಗುರುವಾರ ಅವನು ಎತೆಲ್ವಿನಾಳ ಗುದ್ದಲಿ ಹಿಡಿದು ಹೋದ. ಸಂಜೆಯವರೆಗೆ ಅಗೆದ. ಅವನು ಎತ್ತಿದ ಗಡ್ಡೆಗಳಲ್ಲಿ ಅರ್ಧಕ್ಕರ್ಧ ಗುದ್ದಲಿಗೆ ಸಿಕ್ಕಿ ಎರಡು ಹೋಳಾಗಿದ್ದವು. ಕ್ಲೋರಿಂದಾ ಅವನ್ನೆಲ್ಲ ಬೇರೆ ಬುಟ್ಟಿಗೆ ಹಾಕಿದಳು, ಹೋಳಾದವು ಉಳಿಯುವುದಿಲ್ಲ, ಬೇಗ ತಿಂದು ಮುಗಿಸಬೇಕು. ಒನೋಫ್ರೆಯ ಮನೆಯವರು ಎರಡು ವಾರ ಬೆಳಿಗ್ಗೆ ಸಂಜೆ ತುರ್ಕೊ ಕಡಿದ ಆಲೂಗಡ್ಡೆಯನ್ನೇ ತಿಂದರು. ಮುಂದಿನ ವರ್ಷವೂ ಅವನನ್ನೇ ಕರೆದರು.